ಹಗಲಿನ ನೀರು

ಸಗಿನಾಲಿ ಕೊಟ್ಟಿಗೆಯ ಚಾವಣಿಗೆ ತಗಡು ಬಡಿಯಲು ಹತ್ತಿ, ಕಾಲು ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡದ್ದು ಮೇ ತಿಂಗಳ ಕೊನೆಯ ವಾರದಲ್ಲಿ. ಬೀನ್ಸ್ ಆಗಷ್ಟೇ ನೆಲ ಬಿರಿದು ಎರಡೆಲೆ ಬಿಟ್ಟಿತ್ತು. ಕಿರ್ಗಿಜ್ ನಾಡಿನ ತಲಾಸ್ ಕಣಿವೆಯ ಕಾರಾ-ಬುಲುಂಗ್ ಊರಿನಲ್ಲಿ ಮದುವೆ, ಮನೆ, ಹಳೇ ಕಾರು ಎಲ್ಲವೂ ಆಗುವುದು ಬೀನ್ಸ್ ಮಾರಿದ ದುಡ್ಡಿನಲ್ಲೇ. ಬೀನ್ಸಿಗೆ ನೀರು ಬೇಕು, ನೀರಿಗೆ ನೀರುಗಂಟಿ ಬೇಕು. ಸಗಿನಾಲಿಯೇ ಆ ಊರಿನ ನೀರುಗಂಟಿ. ಅವನ ಅಪ್ಪನೂ, ಅಪ್ಪನ ಅಪ್ಪನೂ ಅದೇ ಕೆಲಸ ಮಾಡಿದವರು.

ಅವನನ್ನು ನೋಡಲು ಬಂದ ನಾಲ್ವರು ಹಿರಿಯರು ಚಹಾ ಕುಡಿದು, ರೊಟ್ಟಿ ಮುರಿದು, ಹವೆಯ ಮಾತಾಡಿ, ಕೊನೆಗೆ ವಿಷಯಕ್ಕೆ ಬಂದರು. ವರ್ಷಕ್ಕೆ ನಾಲ್ಕು ಮೂಟೆ ಕಾಳಿಗಾಗಿ ದಿನಕ್ಕೆರಡು ಸಲ ಕಾಲುವೆಯುದ್ದ ನಡೆಯುವ ಕೆಲಸ ಅವರಲ್ಲಿ ಯಾರಿಗೂ ಬೇಕಿರಲಿಲ್ಲ.

"ಈ ಬೇಸಿಗೆ ಒಂದು ಇವನ ಹೆಂಡ್ತಿ ಜೂರಾನೇ ನೋಡ್ಕೊಳ್ಳಲಿ ಬಿಡಿ," ಎಂದ ಅಂಗಡಿಯ ತೊಕ್ತೊಸುನ್.

"ಹೆಂಗಸು ತೂಬಿನ ಹತ್ತಿರ ನಿಂತರೆ ಜನ ನಗ್ತಾರೆ," ಎಂದ ಮಲಗಿದಲ್ಲಿಂದ ಸಗಿನಾಲಿ.

ಮೂಲೆಯಲ್ಲಿ ಕುಳಿತಿದ್ದ ಅವನ ತಾಯಿ ಶಾರ್ಕಾನ್ ಮುದುಕಿ ತಲೆಯೆತ್ತಲಿಲ್ಲ. "ನೀನು ಚಾವಣಿಯಿಂದ ಬಿದ್ದಾಗಲೇ ನಕ್ಕು ಮುಗಿಸಿದ್ದಾರೆ. ಇಪ್ಪತ್ತೇಳು ವರ್ಷ ಹಿಟ್ಟು ನಾದಿದ ತೋಳಿಗೆ ತೂಬಿನ ಚಕ್ರ ತಿರುಗಿಸೋದು ಯಾವ ಲೆಕ್ಕ?"

ಹೀಗೆ ಊರಿನ ನೀರು ಜೂರಾಳ ಕೈಗೆ ಬಂತು. ಗಂಡ ಮಲಗಿದಲ್ಲೇ ಪಾಠ ಹೇಳಿಕೊಟ್ಟ. ಸೂರ್ಯ ಹುಟ್ಟಿದಾಗ ನೀರನ್ನು ಮೇಲಿನ ಬೀದಿಗೆ ತಿರುಗಿಸಬೇಕು. ಮೂವತ್ತು ಮನೆ, ಎಲ್ಲರೂ ಕಿರ್ಗಿಜರು. ಸೂರ್ಯ ಮುಳುಗಿದ ಮೇಲೆ ಕೆಳಗಿನ ಓಣಿಗೆ. ಹದಿನೇಳು ಮನೆ, ತುರ್ಕರು.

"ಅವರಿಗೆ ಹಗಲು ಯಾವತ್ತು?" ಎಂದಳು ಜೂರಾ.

"ಅವರಿಗೆ ಹಗಲು ಇಲ್ಲ."

"ಯಾಕೆ?"

"ಯಾಕೆ ಅಂದ್ರೆ? ಹಾಗೇ ಇದೆ. ಬೆಟ್ಟ ಯಾಕೆ ಆ ಕಡೆ ಇದೆ ಅಂತ ಕೇಳ್ತಾರಾ?"

ಜೂರಾ ಸರೋವರದ ಸೀಮೆಯಿಂದ ಬಂದ ಸೊಸೆ. ಅಷ್ಟು ವರ್ಷ ಇದ್ದರೂ ಕೆಳಗಿನ ಓಣಿಯ ಕಡೆ ಹೋದದ್ದು ಕಡಿಮೆ. ಟೊಮೆಟೊ ಸಸಿ ಕೊಳ್ಳಲು ಒಂದೆರಡು ಸಲ, ಸಾವಿಗೆ ಒಂದು ಸಲ. ಈಗ ದಿನಾ ಬೆಳಗಾಗುವ ಹೊತ್ತಿಗೆ ಅಲ್ಲಿರಬೇಕಾಯಿತು. ಓಣಿಯ ಗಂಡಸರು ಹೆಂಗಸರು ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು, ಗುದ್ದಲಿ ಹೆಗಲಿಗಿಟ್ಟು, ನಿದ್ದೆಗೆಟ್ಟು ಕೆಂಪಾದ ಕಣ್ಣಲ್ಲಿ ಮನೆ ಸೇರುತ್ತಿದ್ದರು. ಮನೆ ಸೇರಿ ಮಲಗುತ್ತಿರಲಿಲ್ಲ, ಹಸು ಹಿಂಡುತ್ತಿದ್ದರು.

ಎರಡನೇ ವಾರ ಒಂದು ಬೆಳಗ್ಗೆ ಗುಲಿಜಾರ್ ಮುದುಕಿ ಬದುವಿನ ಮೇಲೆ ಕಾಲು ಚಾಚಿ ಕುಳಿತಿದ್ದಳು. ಎಪ್ಪತ್ತೈದು ದಾಟಿದವಳು. ಮಗ ಲಾರಿ ಓಡಿಸುತ್ತಾನೆ, ಸೊಸೆ ಏಳು ತಿಂಗಳ ಬಸುರಿ. ಹಾಗಾಗಿ ನೀರಿಗೆ ತಾನೇ ಬಂದಿದ್ದಳು. ಬಲಗೈಯ ಮಣಿಕಟ್ಟು ಊದಿಕೊಂಡಿತ್ತು.

"ಏನಾಯ್ತು, ಅಪಾ?" ಎಂದಳು ಜೂರಾ. ಆ ಸೀಮೆಯಲ್ಲಿ ತಾಯಿಯನ್ನೂ ಹಿರಿಯ ಹೆಂಗಸರನ್ನೂ ಅಪಾ ಎನ್ನುತ್ತಾರೆ.

"ಕತ್ತಲಲ್ಲಿ ಇಲಿ ಬಿಲಕ್ಕೆ ಕಾಲಿಟ್ಟೆ. ಬಿಲ ಎಪ್ಪತ್ತು ವರ್ಷದಿಂದ ಅಲ್ಲೇ ಇದೆ, ಕಣ್ಣೇ ಹಳೇದಾಯ್ತು."

ಜೂರಾ ತಲೆವಸ್ತ್ರ ಬಿಚ್ಚಿ ಮಣಿಕಟ್ಟಿಗೆ ಸುತ್ತಿದಳು. ಮುದುಕಿ ಕೈ ಕೊಟ್ಟಳು, ಆದರೆ ಬಾಯಿ ನಿಲ್ಲಿಸಲಿಲ್ಲ.

"ನನ್ನ ಮದುವೆ ದಿನಾನೂ ನಮ್ಮ ಮನೆ ಪಾಳಿ ಇತ್ತು, ಗೊತ್ತಾ? ಮದುಮಗ ಗುದ್ದಲಿ ತಗೊಂಡು ಹೊಲಕ್ಕೆ ಹೋದ, ನಾನು ಅತ್ತೆ ಪಕ್ಕ ಮಲಗಿದೆ. ನಮ್ಮ ಓಣಿಯ ಮಕ್ಕಳೆಲ್ಲ ಹಗಲಲ್ಲಿ ಆದ ಬಸಿರು ಕಣೆ. ಅದಕ್ಕೇ ಒಂದಕ್ಕೂ ನಾಚಿಕೆ ಇಲ್ಲ."

ಜೂರಾ ನಕ್ಕಳು. ಮುದುಕಿ ನಗಲಿಲ್ಲ.

"ಈ ಕಾಲುವೆ ಅಗೆದೋರು ಯಾರು ಅಂತ ನಿನ್ನ ಗಂಡ ಹೇಳಿದ್ದಾನಾ?"

"ಇಲ್ಲ."

"ನಮ್ಮಪ್ಪಂದಿರು. ಯುದ್ಧದ ಕಾಲದಲ್ಲಿ ಮಾಸ್ಕೋದವರು ನಮ್ಮನ್ನ ಗಡಿಪಾರು ಮಾಡಿ, ಸರಕು ರೈಲಲ್ಲಿ ತುಂಬಿ ತಂದು ಇಲ್ಲಿ ಸುರಿದ ಎರಡನೇ ಚಳಿಗಾಲ. ನಾನಾಗ ಎದೆಹಾಲಿನ ಕೂಸು. ಹೋಗಿ ನಿನ್ನ ಅತ್ತೇನ ಕೇಳು. ಆಗ ತೂಬು ಇದ್ದದ್ದು ಅವಳ ಮಾವನ ಕೈಲಿ, ನನಗಿಂತ ಅವಳಿಗೇ ಜಾಸ್ತಿ ಗೊತ್ತು."

ಆ ಸಂಜೆ ಜೂರಾ ಆಲೂಗಡ್ಡೆ ಸಾರು ಬಡಿಸುತ್ತ ಮಾತು ತೆಗೆದಳು. ಸಗಿನಾಲಿ ಗೋಡೆಗೆ ಒರಗಿ ಕುಳಿತಿದ್ದ. ಇಪ್ಪತ್ತೈದರ ಮಗ ಮೆದೆರ್ ಹೊಲದಿಂದ ಬಂದು ಕೈ ತೊಳೆಯದೆ ರೊಟ್ಟಿಗೆ ಕೈ ಹಾಕಿದ್ದ.

"ಕಾಲುವೆ ತುರ್ಕರು ಅಗೆದದ್ದಂತೆ. ನಿಜವಾ?"

"ಆ ಕಾಲದಲ್ಲಿ ಎಲ್ಲರೂ ಎಲ್ಲಾ ಅಗೆದಿದ್ದಾರೆ," ಎಂದ ಸಗಿನಾಲಿ. "ಉಪ್ಪು ಕೊಡು."

"ಅಗೆದವರಿಗೆ ರಾತ್ರಿ, ನೋಡ್ತಾ ನಿಂತವರಿಗೆ ಹಗಲು?"

"ನಿನ್ನ ಕೈಗೆ ಚಕ್ರ ಕೊಟ್ಟಿದ್ದು ತಿರುಗಿಸೋಕೆ. ಕಥೆ ಕೇಳೋಕಲ್ಲ."

"ರಾತ್ರಿ ನೀರು ಒಳ್ಳೇದಂತೆ ಕಣಮ್ಮ," ಎಂದ ಮೆದೆರ್. "ಬಿಸಿಲಿಗೆ ಆವಿ ಆಗಲ್ಲ."

"ಅಷ್ಟು ಒಳ್ಳೇದಾದ್ರೆ ನೀನೇ ಹೋಗು."

ಮೆದೆರ್ ಸಾರಿನ ಬಟ್ಟಲಿಗೆ ಮುಖ ಹಾಕಿದ. ಶಾರ್ಕಾನ್ ಒಂದು ತುಂಡು ರೊಟ್ಟಿಯನ್ನು ಚೂರು ಚೂರು ಮಾಡುತ್ತ ಕೂತಳೇ ಹೊರತು ಒಂದನ್ನೂ ಬಾಯಿಗಿಡಲಿಲ್ಲ.

ಮರುದಿನ ಅತ್ತೆ ಸೊಸೆ ಇಬ್ಬರೇ ಇದ್ದಾಗ, ಹಿಟ್ಟನ್ನು ಶಾವಿಗೆಯಂತೆ ಎಳೆಯುವ ಮಣೆಯ ಎದುರು ಮುದುಕಿ ತಾನಾಗಿಯೇ ಬಾಯಿ ಬಿಟ್ಟಳು.

"ಗುಲಿಜಾರ್ ಅಪ್ಪ ಮೆವ್ಲುದ್ ಅಂತ. ಓಡಿಹೋದ ಅಂತಾರಲ್ಲ, ಅವನು."

"ಗುಲಿಜಾರ್ ಅಪಾನ 'ಓಡಿಹೋದವನ ಮಗಳು' ಅಂತ ಕರೆಯೋದು ಕೇಳಿದ್ದೀನಿ, ಅತ್ತೆ."

"ಅವನು ಓಡಿಹೋಗಲಿಲ್ಲ."

ಆಗ ತುರ್ಕರು ಓಣಿಯ ಕೊನೆಯ ಗಡಿಕಲ್ಲು ದಾಟಿದರೆ ಜೈಲು. ತೂಬು ಇದ್ದದ್ದು ಗಡಿಕಲ್ಲಿನ ಆಚೆ. ಒಂದು ರಾತ್ರಿ ಅವರ ಪಾಳಿಯ ನೀರು ನಡುವೆಯೇ ನಿಂತುಹೋಯಿತು. ಮೆವ್ಲುದ್ ಕಾಲುವೆ ಹಿಡಿದು ಮೇಲೆ ಬಂದ. ನೋಡಿದರೆ ಆಗಿನ ನೀರುಗಂಟಿ, ಶಾರ್ಕಾನಳ ಮಾವ, ತೂಬು ಮುಚ್ಚಿ ನೀರನ್ನು ತನ್ನ ಹುಲ್ಲಿನ ಹೊಲಕ್ಕೆ ತಿರುಗಿಸಿಕೊಂಡಿದ್ದ. ಕದ್ದದ್ದು ಬಯಲಾಗುತ್ತದೆಂದು ಮಾವ ಗಡಿಪಾರಾದವರ ಕಾವಲಿಗಿದ್ದ ಕಮಾಂಡೆಂಟನ ಬಳಿ ಆಳು ಓಡಿಸಿದ. ಗಡಿ ದಾಟಿದ್ದಕ್ಕೆ ಮೆವ್ಲುದನನ್ನು ಎಳೆದುಕೊಂಡು ಹೋದರು. ಯಾವುದೋ ಗಣಿಯಲ್ಲಿ ಸತ್ತನೆಂಬ ಸುದ್ದಿ ಊರಿನ ಕಚೇರಿಗೆ ಬಂದು ಅಲ್ಲೇ ಉಳಿಯಿತು. ಮೇಲಿನ ಬೀದಿ 'ಓಡಿಹೋದ' ಎಂದಿತು.

"ನಿಮಗೆ ಹೇಗೆ ಗೊತ್ತು?"

"ನನ್ನತ್ತೆ ಅಲ್ಲೇ ಇದ್ದರು. ಗಂಡನಿಗೆ ಚಹಾ ತಗೊಂಡು ಹೋಗಿದ್ದರು. ಸಾಯೋ ಮುಂಚೆ ನನಗೆ ಹೇಳಿದರು. ನಾನು ಯಾರಿಗೂ ಹೇಳಲಿಲ್ಲ." ಮುದುಕಿ ಹಿಟ್ಟಿನ ಕೈ ಒರೆಸಿಕೊಂಡಳು. "ಎಣ್ಣೆ ಹಚ್ಚು, ಒಣಗ್ತಾ ಇದೆ."

ಜೂನ್ ನಡುವೆ ಶಾಲೆಯ ಅಂಗಳದಲ್ಲಿ ನೀರಿನ ಸಂಘದ ಸಭೆ ಸೇರಿತು. ಜೂರಾ ಎದ್ದು ನಿಂತು, ಒಂದು ವಾರ ಮೇಲಿನ ಬೀದಿಗೆ ಹಗಲು, ಇನ್ನೊಂದು ವಾರ ಕೆಳಗಿನ ಓಣಿಗೆ ಹಗಲು ಎಂದು ಪಾಳಿ ಬದಲಿಸೋಣ ಎಂದಳು. ಮೆವ್ಲುದನ ವಿಷಯ ಎತ್ತಲಿಲ್ಲ. ಅದು ಅತ್ತೆಯ ಮಾತು, ತನ್ನದಲ್ಲ.

"ಅವರನ್ನ ಕರ್ಕೊಂಡು ಬಂದಿದ್ದು ಮಾಸ್ಕೋ," ಎಂದ ತೊಕ್ತೊಸುನ್. "ನಮ್ಮಜ್ಜಂದಿರು ತಮ್ಮ ಬಾಯಿಯ ರೊಟ್ಟಿ ಕೊಟ್ಟು ಸಾಕಿದ್ರು. ಈಗ ಮಾಸ್ಕೋ ಮಾಡಿದ ಪಾಪಕ್ಕೆ ನಾವು ನಿದ್ದೆ ಕೆಡಬೇಕಾ?"

"ರೊಟ್ಟಿ ಕೊಟ್ಟಿದ್ದು ನಿಜ," ಎಂದ ಓಣಿಯ ಒಬ್ಬ ಮುದುಕ. "ಅದನ್ನ ನಾವು ಮರೆತಿಲ್ಲ."

"ಮಾಸ್ಕೋದವರು ದಿನಾ ಸಂಜೆ ಬಂದು ಈ ಚಕ್ರ ತಿರುಗಿಸಲಿಲ್ಲ, ತೊಕ್ತೊಸುನ್," ಎಂದಳು ಜೂರಾ. "ನಮ್ಮ ಮನೆಯವರೇ ತಿರುಗಿಸಿದ್ದು. ನಿನ್ನೆ ನಾನು ತಿರುಗಿಸಿದೆ."

ಕೈ ಎತ್ತಿಸಿದರು. ಹತ್ತೊಂಬತ್ತು ಬದಲಾವಣೆಗೆ, ಇಪ್ಪತ್ತೆಂಟು ಬೇಡವೆಂದು. ಓಣಿಯವರು ಎದ್ದು ಹೋದರು. ಅವರಿಗೆ ಅವತ್ತು ರಾತ್ರಿಯ ಪಾಳಿ ಇತ್ತು.

ಸುದ್ದಿ ಅವಳಿಗಿಂತ ಮುಂಚೆ ಮನೆ ಮುಟ್ಟಿತ್ತು. ಸಗಿನಾಲಿ ಗೋಡೆಗೆ ಮುಖ ಮಾಡಿ ಮಲಗಿದ್ದ.

"ಮೂರು ತಲೆಮಾರಿನ ಹೆಸರು ಒಂದು ಮಧ್ಯಾಹ್ನದಲ್ಲಿ ಬೀದಿಗೆ ತಂದೆ."

"ನಾನು ಯಾರ ಹೆಸರೂ ಹೇಳಲಿಲ್ಲ."

"ಹೇಳೋದೇನು? ಚಕ್ರ ಯಾರ ಕೈಲಿತ್ತು ಅಂತ ಊರಿಗೇ ಗೊತ್ತು."

"ಹಾಗಾದ್ರೆ ನಮ್ಮ ಮನೆ ಮಟ್ಟಿಗೆ ಬದಲಿಸೋಣ. ನಮ್ಮ ಹಗಲಿನ ಪಾಳಿ ಗುಲಿಜಾರ್ ಅಪಾಗೆ ಕೊಡೋಣ, ಅವರ ರಾತ್ರಿ ನಾವು ತಗೊಳ್ಳೋಣ. ಅದಕ್ಕೆ ಯಾರ ಕೈಯೂ ಎತ್ತಿಸಬೇಕಿಲ್ಲ."

"ಪುಣ್ಯ ನಿನಗೆ, ನಿದ್ದೆ ಕೆಡೋದು ನಾನು," ಎಂದ ಮೆದೆರ್ ಬಾಗಿಲಿನಿಂದ.

"ನಿನ್ನ ಜತೆ ನಾನೂ ಬರ್ತೀನಿ."

"ಬಂದು ಏನ್ ಮಾಡ್ತೀಯಾ? ಟಾರ್ಚ್ ಹಿಡೀತೀಯಾ?"

"ಟಾರ್ಚ್ ನೀನು ಹಿಡಿ. ಗುದ್ದಲಿ ನಾನು ಹಿಡೀತೀನಿ."

ಜೂರಾ ಮರುದಿನ ಬಿಸಿ ರೊಟ್ಟಿ ಕಟ್ಟಿಕೊಂಡು ಗುಲಿಜಾರಳ ಮನೆಗೆ ಹೋದಳು. ಮುದುಕಿ ಜರ್ದಾಳು ಬಿಡಿಸಿ ಬೀಜ ತೆಗೆಯುತ್ತಿದ್ದಳು. ಮಾತನ್ನೆಲ್ಲ ಕೇಳಿಸಿಕೊಂಡು ರೊಟ್ಟಿಯನ್ನು ಒಳಗೆ ಕಳಿಸಿದಳು, ಪಾಳಿಯನ್ನು ವಾಪಸು ಕೊಟ್ಟಳು.

"ರೊಟ್ಟಿ ತಿಂತೀನಿ. ನೀರು ಬೇಡ."

"ಯಾಕೆ, ಅಪಾ?"

"ನೀನು ಒಳ್ಳೆಯವಳು ಅಂತ ಕೊಡ್ತಿದೀಯಾ. ನಾಳೆ ನಿನ್ನ ಸೊಸೆ ಕೆಟ್ಟವಳಾದ್ರೆ ಕಿತ್ಕೊಳ್ತಾಳೆ. ಒಳ್ಳೆತನದ ನೀರು ನನಗೆ ಬೇಡ ಕಣೆ. ನಮ್ಮಮ್ಮ 'ಓಡಿಹೋದವನ ಹೆಂಡತಿ' ಅನ್ನಿಸಿಕೊಂಡೇ ಸತ್ತಳು. ನಮ್ಮಪ್ಪನ್ನ ಹಿಡಿಸಿಕೊಟ್ಟಿದ್ದು ಯಾರು ಅಂತ ಗೊತ್ತಿರೋಳು ನಿಮ್ಮನೇಲಿ ಕೂತಿದ್ದಾಳೆ. ಅವಳು ಬಂದು ಹೇಳಲಿ. ಜನರ ಎದುರಿಗೆ, ಹೆಸರು ಹಿಡಿದು. ಆಮೇಲೆ ನೀರಿನ ಮಾತು."

ಜೂರಾ ಮನೆಗೆ ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಶಾರ್ಕಾನ್ ಕೈಲಿದ್ದ ಬಟ್ಟಲು ಕೆಳಗಿಟ್ಟಳು.

"ಬಾ ಅಂದ್ರೆ ಹೋದೇನು. ಹೆಸರು ಹಿಡಿದು ಅಂದ್ರೆ ಹೇಗೆ?"

ಗಂಡನ ಕಡೆಯ ಹಿರಿಯರ ಹೆಸರನ್ನು ಸೊಸೆಯಾದವಳು ಎತ್ತುವಂತಿಲ್ಲ. ಶಾರ್ಕಾನ್ ಆ ಮನೆಗೆ ಬಂದು ಅರವತ್ತೆರಡು ವರ್ಷ. ಮಾವನಿಗೆ ಅವಳು 'ದೊಡ್ಡವರು' ಎನ್ನುತ್ತಿದ್ದಳು. ಅದೇ ಹೆಸರಿನ ಬೇರೆ ಗಂಡಸರನ್ನೂ ಅಡ್ಡಹೆಸರಿನಿಂದಲೇ ಕರೆಯುತ್ತಿದ್ದಳು. ಗೋರಿಯ ಮುಂದೆ ಪ್ರಾರ್ಥನೆ ಹೇಳುವಾಗಲೂ ಆ ಹೆಸರು ಬರುವ ಜಾಗವನ್ನು ನುಂಗಿಕೊಳ್ಳುತ್ತಿದ್ದಳು.

"ಹೋಗಬೇಡ, ಅಪಾ," ಎಂದ ಸಗಿನಾಲಿ. "ಸತ್ತವರ ಮೂಳೆ ಕೆದಕಿದ್ರೆ ಯಾರಿಗೆ ಲಾಭ?"

"ಸತ್ತವರ ಮೂಳೆ ನೆಲದಲ್ಲಿ ನೆಮ್ಮದಿಯಾಗಿದೆ ಮಗನೇ. ಇದು ನನ್ನ ಗಂಟಲಲ್ಲಿ ಸಿಕ್ಕಿರೋ ಮೂಳೆ."

"ಇಷ್ಟು ವರ್ಷ ಸುಮ್ಮನಿದ್ದೆಯಲ್ಲ."

"ಸುಮ್ಮನಿರೋದು ಸೊಸೆ ಕೆಲಸ ಅಂತ ಸುಮ್ಮನಿದ್ದೆ. ಈಗ ನಾನೇ ಅತ್ತೆ."

ಆದರೂ ಅವಳು ಹೊರಡಲಿಲ್ಲ. ಎರಡು ವಾರ ಹೀಗೇ ಕಳೆಯಿತು. ಸಗಿನಾಲಿ ಹೆಂಡತಿಯ ಜತೆ ಬೇಕಾದ್ದನ್ನಷ್ಟೇ ಮಾತಾಡಿದ. ಅದನ್ನೂ ಮಗನಿಗೆ ಹೇಳಿ ದಾಟಿಸಿದ. "ನಿಮ್ಮಮ್ಮನಿಗೆ ಹೇಳು, ಸಾರಿಗೆ ಉಪ್ಪು ಜಾಸ್ತಿ." "ನಿಮ್ಮಪ್ಪನಿಗೆ ಹೇಳು, ನಾಳೆಯಿಂದ ಉಪ್ಪೇ ಇಲ್ಲ." ನಡುವೆ ಸಿಕ್ಕಿಕೊಂಡ ಮೆದೆರ್, ಇದಕ್ಕಿಂತ ರಾತ್ರಿ ಹೊಲವೇ ವಾಸಿ ಎಂದು ಗೊಣಗಿದ. ಮುದುಕಿಯ ಊಟ ದಿನದಿನಕ್ಕೆ ಇಳಿಯಿತು. ಜೂರಾ ಏನೂ ಒತ್ತಾಯ ಮಾಡಲಿಲ್ಲ. ಬೆಳಗ್ಗೆ ಎದ್ದು ನೀರನ್ನು ಮೇಲಕ್ಕೆ ತಿರುಗಿಸಿದಳು, ಸಂಜೆ ಕೆಳಕ್ಕೆ ತಿರುಗಿಸಿದಳು. ಪ್ರತಿ ಸಲವೂ ತಾನೇ ಏನೋ ಕದ್ದಂತೆ ಅನ್ನಿಸಿ ಸುತ್ತ ನೋಡಿಕೊಂಡಳು.

ಜುಲೈ ಮೊದಲ ಶನಿವಾರ ಕಾಲುವೆಯ ಹೂಳೆತ್ತುವ ದಿನ. ಅವತ್ತು ನೀರು ನಿಲ್ಲಿಸಿ, ನಲವತ್ತೇಳು ಮನೆಯಿಂದಲೂ ಒಬ್ಬೊಬ್ಬರು ಬಂದು ಕೆಸರು ತೆಗೆಯುವುದು ವಾಡಿಕೆ. ಮಧ್ಯಾಹ್ನ ಎಲ್ಲರಿಗೂ ಒಂದೇ ಹಂಡೆಯ ಊಟ. ಜೂರಾ ಹಂಡೆಯ ಪಕ್ಕದಲ್ಲಿ ಈರುಳ್ಳಿ ಹೆಚ್ಚುತ್ತಿದ್ದಾಗ ಮನೆಯ ಹಳೇ ಕಾರು ಬಂದು ನಿಂತಿತು. ಮೆದೆರ್ ಇಳಿದು ಅಜ್ಜಿಯ ಕೈ ಹಿಡಿದುಕೊಂಡ. ಶಾರ್ಕಾನ್ ಹಬ್ಬಕ್ಕೆ ಉಡುವ ಬಿಳಿ ತಲೆವಸ್ತ್ರ ಸುತ್ತಿದ್ದಳು.

"ಬೆಳಗ್ಗೆ ಎದ್ದವಳೇ 'ಗಾಡಿ ತೆಗಿ' ಅಂದ್ಲು," ಎಂದು ಮೆದೆರ್ ತಾಯಿಯ ಕಿವಿಯಲ್ಲಿ ಹೇಳಿದ. "ಅಪ್ಪ ಬೈದ. ಅಜ್ಜಿ ಕೇಳಿಸಿಕೊಳ್ಳಲಿಲ್ಲ."

ಮುದುಕಿ ಕಾಲುವೆಯ ಏರಿಯ ಮೇಲೆ ನಿಂತಳು. ಒಬ್ಬೊಬ್ಬರಾಗಿ ಗುದ್ದಲಿ ನಿಲ್ಲಿಸಿದರು. ಕೆಳಗೆ ಕೆಸರಿನಲ್ಲಿ ನಿಂತಿದ್ದ ಗುಲಿಜಾರ್ ನೆಟ್ಟಗಾದಳು.

"ನನಗೆ ಸಭೇಲಿ ಮಾತಾಡಿ ಗೊತ್ತಿಲ್ಲ," ಎಂದಳು ಶಾರ್ಕಾನ್. "ಒಂದು ವಿಷಯ ಹೇಳಿ ಹೋಗ್ತೀನಿ. ಗುಲಿಜಾರ್ ಅಪ್ಪ ಮೆವ್ಲುದ್ ಓಡಿಹೋಗಲಿಲ್ಲ. ನೀರು ಯಾಕೆ ನಿಂತಿತು ಅಂತ ನೋಡೋಕೆ ಈ ತೂಬಿನ ಹತ್ತಿರ ಬಂದ. ನೀರು ಕದ್ದಿದ್ದು ನನ್ನ ಮಾವ. ಅವನನ್ನ ಹಿಡಿಸಿಕೊಟ್ಟಿದ್ದೂ ನನ್ನ ಮಾವ."

"ಹೆಸರು," ಎಂದಳು ಗುಲಿಜಾರ್ ಕೆಳಗಿನಿಂದ.

ಶಾರ್ಕಾನಳ ತುಟಿ ಅಲುಗಿತು, ದನಿ ಬರಲಿಲ್ಲ. ಮೇಲಿನ ಬೀದಿಯ ಹೆಂಗಸರೆಲ್ಲ ತಲೆ ತಗ್ಗಿಸಿದರು. ಜೂರಾ ಈರುಳ್ಳಿಯ ಕೈಯಲ್ಲೇ ಬಂದು ಅತ್ತೆಯ ಪಕ್ಕ ನಿಂತಳು. ಮುಟ್ಟಲಿಲ್ಲ, ಸುಮ್ಮನೆ ನಿಂತಳು.

"ಅಸಾನ್‌ಕುಲ್," ಎಂದಳು ಮುದುಕಿ. ಹೇಳಿದ ಮೇಲೆ ಧೈರ್ಯ ಬಂದಂತೆ ಇನ್ನೊಮ್ಮೆ ಗಟ್ಟಿಯಾಗಿ ಹೇಳಿದಳು. "ನನ್ನ ಮಾವ ಅಸಾನ್‌ಕುಲ್. ಹಗಲು ನಮಗೆ, ರಾತ್ರಿ ಅವರಿಗೆ ಅಂತ ಪಾಳಿ ಹಾಕಿದ್ದೂ ಅವರೇ. ಮಾಸ್ಕೋ ಅಲ್ಲ. ನಾನು ಬಲ್ಲೆ, ನನ್ನತ್ತೆ ಕಣ್ಣಾರೆ ಕಂಡಿದ್ದು."

ತೊಕ್ತೊಸುನ್ ಬೂಟಿನ ಕೆಸರನ್ನು ಗುದ್ದಲಿಯ ಅಂಚಿಗೆ ಉಜ್ಜುತ್ತ ನಿಂತ. ಗುಲಿಜಾರ್ ಕೆಸರಿನಿಂದ ಕಾಲು ಕಿತ್ತು, ಯಾರ ಕೈಯನ್ನೂ ಹಿಡಿಯದೆ ಏರಿ ಹತ್ತಿ ಬಂದಳು.

"ಹೋಗೋವಾಗ ನಮ್ಮಪ್ಪ ಏನಾದ್ರೂ ಅಂದ್ರಾ?"

"ಅಂದ. 'ನನ್ನ ಹೆಂಡತಿ ಹೊಲದ ತಲೇಲಿ ಕಾಯ್ತಾ ಇದ್ದಾಳೆ, ಬರೋದು ತಡವಾಗುತ್ತೆ ಅಂತ ಯಾರಾದ್ರೂ ಹೋಗಿ ಹೇಳಿ' ಅಂದನಂತೆ." ಶಾರ್ಕಾನ್ ಉಸಿರು ತೆಗೆದುಕೊಂಡಳು. "ಯಾರೂ ಹೋಗಿ ಹೇಳಲಿಲ್ಲ. ಇವತ್ತು ನಾನು ಬಂದಿದೀನಿ."

ಗುಲಿಜಾರ್ ಆ ಮಾತನ್ನು ಒಳಗೆ ಇಳಿಸಿಕೊಳ್ಳುವಂತೆ ಕಣ್ಣು ಮುಚ್ಚಿದಳು. "ನಮ್ಮಮ್ಮ ಬೆಳಗಾಗೋ ತನಕ ಅಲ್ಲೇ ಕೂತಿದ್ದಳು," ಎಂದಳು. ಆಮೇಲೆ, "ನಿಂತೇ ಇದೀಯಲ್ಲ, ಕೂತ್ಕೋ," ಎಂದಳು. ಇಬ್ಬರು ಮುದುಕಿಯರೂ ಏರಿಯ ಮೇಲೆ ಕುಳಿತರು. ಊಟದ ಹೊತ್ತಿಗೆ ಒಂದೇ ತಟ್ಟೆಯಿಂದ ಮಾಂಸ ತೆಗೆದುಕೊಂಡು, ಹಲ್ಲಿಲ್ಲದ ಬಗ್ಗೆ ದೂರಿಕೊಳ್ಳುತ್ತಿದ್ದರು.

ಅಂದು ಸಂಜೆ ಶಾರ್ಕಾನ್ ಎರಡು ಬಟ್ಟಲು ಮಜ್ಜಿಗೆ ಕುಡಿದು, ಕೂತಲ್ಲೇ ನಿದ್ದೆಹೋಗಿ, ಮರುದಿನ ಹೊತ್ತೇರಿದ ಮೇಲೆ ಎದ್ದಳು. "ನನ್ನನ್ನ ಯಾಕೆ ಎಬ್ಬಿಸಲಿಲ್ಲ?" ಎಂದು ಸೊಸೆಯನ್ನು ಬೈದಳು. ಎಷ್ಟೋ ದಿನದ ಮೇಲೆ ಬೈದದ್ದು. ಜೂರಾಗೆ ಹಾಯೆನಿಸಿತು.

ಗುಲಿಜಾರ್ ಹಗಲಿನ ಪಾಳಿ ತೆಗೆದುಕೊಂಡಳು. ಜೂರಾ, ಮೆದೆರ್ ರಾತ್ರಿಯ ಪಾಳಿಗೆ ಹೋದರು. ಮೊದಲ ಸಲ ಮೆದೆರ್ ಎರಡು ಸಾಲು ತಪ್ಪಿ ತೊಕ್ತೊಸುನನ ಹೊಲಕ್ಕೆ ನೀರು ಬಿಟ್ಟು ಬಂದ. ಎರಡನೇ ಸಲ ತಾಯಿ ಮಗ ಬೆಳಕು ಹರಿಯುವಾಗ ಕೆಸರಿನ ಗೊಂಬೆಗಳಂತೆ ಮನೆಗೆ ಬಂದು, ಹೊಸ್ತಿಲ ಮೇಲೆ ಕುಳಿತು, ಒಬ್ಬರ ಮುಖ ಒಬ್ಬರು ನೋಡಿ ನಗತೊಡಗಿದರು. ಏಕೆಂದು ಇಬ್ಬರಿಗೂ ತಿಳಿಯಲಿಲ್ಲ.

"ಇವರು ಎಪ್ಪತ್ತು ವರ್ಷ ಹೇಗೆ ಮಾಡಿದ್ರಮ್ಮ?" ಎಂದ ಮೆದೆರ್.

ಒಳಗಿನಿಂದ ಸಗಿನಾಲಿ ಹೆಂಡತಿಗೇ ನೇರವಾಗಿ ಕೂಗಿ ಹೇಳಿದ: "ಚಹಾ ಇಟ್ಟಿದ್ದೀನಿ. ಒಂಟಿ ಕಾಲಲ್ಲಿ ನಿಂತು ಇಟ್ಟಿದ್ದು. ಆರೋಕೆ ಮುಂಚೆ ಕುಡೀರಿ."

ಆಗಸ್ಟ್ ಮೊದಲ ವಾರ ಸಭೆ ಮತ್ತೆ ಸೇರಿತು. ಬದಲಾವಣೆಗೆ ಇಪ್ಪತ್ತಾರು ಕೈ ಎದ್ದವು. ಮೇಲಿನ ಬೀದಿಯ ಒಂಬತ್ತು ಮನೆಗಳಲ್ಲಿ ಕೆಲವು ನಾಚಿಕೆಯಿಂದ ಎತ್ತಿದವು, ಎರಡು ಮನೆ ಶಾರ್ಕಾನಳ ಮುಖ ನೋಡಿ ಎತ್ತಿದವು; ಒಬ್ಬನಂತೂ ಬಿಸಿಗಾಳಿಯಲ್ಲಿ ಜೂರಾಳ ರಾತ್ರಿ ನೀರಿನ ಬೀನ್ಸ್ ಬಾಡದೆ ನಿಂತದ್ದು ಕಂಡು ಎತ್ತಿದ. ತೊಕ್ತೊಸುನ್ ಎತ್ತಲಿಲ್ಲ. ಆದರೆ ಪಾಳಿಯ ಹೊಸ ಪಟ್ಟಿ ಅಂಟಿಸಲು ತನ್ನ ಅಂಗಡಿಯ ಬಾಗಿಲನ್ನೇ ಕೊಟ್ಟ.

ಹಗಲಿನ ನೀರು ಬಂದ ಮೊದಲ ವಾರ ಇಡೀ ಓಣಿ ಮದುವೆಗೆ ಹೊರಟ ಹಾಗೆ ಹೊಲಕ್ಕಿಳಿಯಿತು. ಮಧ್ಯಾಹ್ನದ ಹೊತ್ತಿಗೆ ಗುಲಿಜಾರ್ ಬೆವರು ಒರೆಸಿಕೊಳ್ಳುತ್ತ, "ಏನ್ ಬಿಸಿಲೇ ಇದು. ಇದಕ್ಕಾ ನಾವು ಇಷ್ಟು ವರ್ಷ ಅತ್ತಿದ್ದು?" ಎಂದು ದೂರಿದಳು. ಆದರೂ ಅವಳು ಹೊಲ ಬಿಟ್ಟು ನೆರಳಿಗೆ ಬರಲಿಲ್ಲ.

ಆ ಭಾನುವಾರ ಅವಳು ಸಗಿನಾಲಿಯ ಮನೆಯವರನ್ನೆಲ್ಲ ಊಟಕ್ಕೆ ಕರೆದಳು. ಸೊಸೆಗೆ ಹೆಣ್ಣುಮಗು ಹುಟ್ಟಿ ಹತ್ತು ದಿನವಾಗಿತ್ತು. ಸಗಿನಾಲಿ ಬರುವುದಿಲ್ಲ ಎಂದ, ಕಾಲು ನೋವು ಎಂದ, ಕೊನೆಗೆ ಎಲ್ಲರಿಗಿಂತ ಮುಂಚೆ ಕಾರಿನಲ್ಲಿ ಕುಳಿತ. ಊರುಗೋಲನ್ನು ಬಾಗಿಲಿಗೆ ಒರಗಿಸಿ, ಹಾಸಿದ ಬಟ್ಟೆಯ ಸುತ್ತ ಎಲ್ಲರೊಡನೆ ಕುಳಿತ. ಬೇಯಿಸಿದ ಹಿಟ್ಟಿನ ಕಡುಬು, ಮೇಲೆ ಬೆಳ್ಳುಳ್ಳಿ ಹಾಕಿದ ಮೊಸರು. ಮೊದಲು ಎರಡು ತಿಂದ, ಆಮೇಲೆ ನಾಲ್ಕು ತಿಂದ. ಮಾತು ಹವೆಯ ಮೇಲೆ, ಬೀನ್ಸ್ ಬೆಲೆಯ ಮೇಲೆ, ಮಗುವಿನ ಮೂಗಿನ ಮೇಲೆ ಹರಿಯಿತು. ಐದನೆಯದನ್ನು ಬಾಯಿಗಿಟ್ಟುಕೊಂಡವನು ಇದ್ದಕ್ಕಿದ್ದಂತೆ ತಟ್ಟೆಯನ್ನೇ ನೋಡುತ್ತ ಹೇಳಿದ:

"ಗುಲಿಜಾರ್ ಅಪಾ, ನಮ್ಮ ಮನೆಯಿಂದ ನಿಮಗೆ ಅನ್ಯಾಯ ಆಯ್ತು. ನಾನೂ ಮೂವತ್ತು ವರ್ಷ ಮಾಡಿದೆ."

ಎಲ್ಲರ ಕೈ ನಿಂತಿತು. ಗುಲಿಜಾರ್ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಏನಂದೆ? ಎಪ್ಪತ್ತು ವರ್ಷ ಆದ್ಮೇಲೆ ಹೇಳ್ತಿದೀಯಾ, ಅದೂ ಬಾಯಿ ತುಂಬ ಹಿಟ್ಟಿಟ್ಕೊಂಡು. ನುಂಗಿ ಇನ್ನೊಂದ್ಸಲ ಹೇಳು."

ಸಗಿನಾಲಿ ನುಂಗಿದ. ಕೈ ಒರೆಸಿಕೊಂಡ. ಈ ಸಲ ಅವಳ ಮುಖ ನೋಡಿ, ಒಂದೊಂದು ಮಾತೂ ಬಿಡಿಬಿಡಿಯಾಗಿ ಕೇಳುವ ಹಾಗೆ ಮತ್ತೆ ಹೇಳಿದ.

"ಹಾಂ," ಎಂದಳು ಗುಲಿಜಾರ್. ಎದ್ದು ಹಂಡೆಯ ಮುಚ್ಚಳ ತೆಗೆದು, ಅವನ ತಟ್ಟೆಗೆ ಇನ್ನೂ ಆರು ಕಡುಬು ಹಾಕಿದಳು.